ಮನೆ ನೋಡಿದವರು ಯಾರಿಗಾಗಿ ನೋಡಿದರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗಾದೆ ಮಾಡಿಟ್ಟರು. ಮನೆ ಕೊಂಡು ನೋಡು ಎಂದು ಮಾತ್ರ ಹೇಳಲಿಲ್ಲ. ಯಾರೋ ಕಟ್ಟಿ, ಯಾರೋ ಬಾಳಿ, ಬಣ್ಣ ಬಳಿದು ಮಾರಾಟಕ್ಕಿಟ್ಟ ಮನೆಯನ್ನು ಕೊಳ್ಳುವ ಪ್ರಸಂಗ ಅವರಿಗೆ ಬಂದದ್ದು ವಿರಳ. ಆ ಪ್ರಸಂಗ ಬಂದದ್ದು ಊರು ಬಿಟ್ಟು ಹೊಟ್ಟೆಪಾಡಿಗಾಗಿ ಈ ಮಹಾನಗರ ಸೇರಿದ ನಮಗೆ.

ಮಾಟುಂಗದ ಮಾರುಕಟ್ಟೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಳ್ಳದ ನಮ್ಮ ಗೃಹಿಣಿಯರು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವ ನಮ್ಮ ಯಜಮಾನರು, ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ಮನೆಯನ್ನು ಎಷ್ಟು ಹೊತ್ತು ನೋಡುತ್ತಾರೆ? ಹೆಚ್ಚೆಂದರೆ ಕಾಲು ಗಂಟೆ. ಅದರಲ್ಲಿ ಐದು ನಿಮಿಷ ಸ್ಟೇಷನ್ನಿಗೆ ಎಷ್ಟು ದೂರ ಎಂಬ ಚರ್ಚೆಗೆ ಹೋಗುತ್ತದೆ. ಇನ್ನೈದು ನಿಮಿಷ ದೇವರನ್ನು ಯಾವ ದಿಕ್ಕಿಗೆ ಇಡಬೇಕೆಂಬ ಜಿಜ್ಞಾಸೆಗೆ. ಉಳಿದದ್ದು ಎಜೆಂಟನು ತರಿಸಿದ ಚಹಾಕ್ಕೆ.

ನಾವೂ ಹಾಗೆಯೇ ನೋಡಿದವರು. 1980ರ ದಶಕದ ಕೊನೆಯಲ್ಲಿ, ಮಧ್ಯ ರೈಲ್ವೆಯ ಒಂದು ಉಪನಗರದಲ್ಲಿ, ಎರಡು ಕೋಣೆಗಳ ಮನೆಯೊಂದನ್ನು ಮಾರ್ಚ್ ತಿಂಗಳಲ್ಲಿ ನೋಡಿ ಒಪ್ಪಿದೆವು. ಗೋಡೆಗಳಿಗೆ ಹೊಸ ಬಣ್ಣ. ಮಲಗುವ ಕೋಣೆಯ ಒಂದು ಮೂಲೆಯಲ್ಲಿ ಮಾರುವವರ ಕಪಾಟು. ಮೇ ತಿಂಗಳಲ್ಲಿ ಅವರು ಕಪಾಟು ಒಯ್ದರು, ಜುಲೈ ತಿಂಗಳಲ್ಲಿ ಆ ಕಪಾಟು ಅಲ್ಲಿ ಏಕಿತ್ತೆಂಬುದು ತಿಳಿಯಿತು. ಮೂಲೆಯಿಡೀ ನೀರು ಒಸರಿ, ಆಗಸ್ಟಿನ ಹೊತ್ತಿಗೆ ತೊಲೆಯ ಗಿಲಾವು ಅಂಗೈಯಗಲದಷ್ಟು ಕಳಚಿ ಬಿದ್ದು, ಒಳಗಿನ ಸರಳು ಕಂದು ಬಣ್ಣದಲ್ಲಿ ಹಲ್ಲು ಕಿರಿಯಿತು. ಅದರ ರಿಪೇರಿಗೆ ಮನೆಯವರ ಬಳೆ ಹೋಯಿತೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಆ ಮನೆಯನ್ನು ಮೂವರು ತಿಳಿದವರು ನೋಡಿದ್ದರು. ಎಜೆಂಟನು ವ್ಯವಹಾರ ಮುಗಿಯಲೆಂದು ನೋಡಿದ್ದ. ವಕೀಲರು ಹಕ್ಕುಪತ್ರ ನೋಡಿದ್ದರು. ಸಾಲ ಕೊಟ್ಟ ಸಂಸ್ಥೆಯ ಮೌಲ್ಯಮಾಪಕರು, ನಾವು ಕಂತು ತಪ್ಪಿಸಿದರೆ ಮನೆ ಹರಾಜಿಗೆ ಎಷ್ಟು ಬಾಳುತ್ತದೆಂದು ನೋಡಿದ್ದರು. ಮೂವರೂ ತಂತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ನಮಗಾಗಿ ನೋಡಿದವರು ಒಬ್ಬರೂ ಇರಲಿಲ್ಲ. ಅಂದಿನಿಂದ ನಮಗೆ ಹತ್ತಿದ ಗೀಳು ಇದು: ಮನೆಯನ್ನು ಪರೀಕ್ಷಿಸುವ ಪದ್ಧತಿ ಹೇಗೆ ಬಂತು, ಪರೀಕ್ಷಿಸಿದವರು ಯಾರ ಪರವಾಗಿ ಪರೀಕ್ಷಿಸಿದರು? ಓದಿ ಕೇಳಿ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮನೆಯ ಕ್ರಯದ ಬಗ್ಗೆ ನಮ್ಮ ದೇಶದ ಹಳೆಯ ವಿಧಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಕಳೆದುಹೋಯಿತೆಂದು ಎಲ್ಲರೂ ತಿಳಿದಿದ್ದ ಈ ಗ್ರಂಥದ ಓಲೆಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದದ್ದು ಕನ್ನಡಿಗರೆಲ್ಲ ಹೆಮ್ಮೆಪಡುವ ಸಂಗತಿ. ಅದರ ಮೂರನೆಯ ಅಧಿಕರಣದ ಪ್ರಕಾರ, ಮನೆ ಮಾರಾಟವಾಗುವಾಗ ಕೊಳ್ಳುವ ಹಕ್ಕು ಮೊದಲು ಬಂಧುಗಳದು, ಆಮೇಲೆ ನೆರೆಯವರದು, ಆಮೇಲೆ ಸಾಲ ಕೊಟ್ಟವರದು. ಮಾರಾಟವನ್ನು ಗುಟ್ಟಾಗಿ ಮಾಡುವಂತಿಲ್ಲ. ನೆರೆಹೊರೆಯ ನಲವತ್ತು ಮನೆತನಸ್ಥರ ಸಮಕ್ಷಮದಲ್ಲಿ, ಮನೆಯ ಮುಂದೆಯೇ ಅದನ್ನು ಸಾರಬೇಕು. ಎಲ್ಲೆಗಳನ್ನು ಊರ ಹಿರಿಯರ ಎದುರು ಹೇಳಬೇಕು.

ನಮ್ಮ ನಾಡಿನ ಶಾಸನಗಳನ್ನೂ ಕ್ರಯಪತ್ರಗಳನ್ನೂ ನೋಡಿದರೆ ಅಲ್ಲಿಯೂ ಇದೇ ದೃಷ್ಟಿ. ಚತುಸ್ಸೀಮೆಯ ವಿವರ ಬೇಸರ ಬರುವಷ್ಟು ಉದ್ದವಾಗಿರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೂ ತಪ್ಪದೆ ಬರುತ್ತವೆ. ನೆಲದಡಿಯಲ್ಲಿ ಹೂತಿರಬಹುದಾದ ಚಿನ್ನ ಯಾರಿಗೆ ಸೇರಬೇಕೆಂಬುದಕ್ಕೆ ಇಷ್ಟು ಜಾಗ್ರತೆ! ಜಂತಿಗೆ ಗೆದ್ದಲು ಹಿಡಿದಿದೆಯೇ, ಗೋಡೆ ಬಾಯಿ ಬಿಟ್ಟಿದೆಯೇ ಎಂಬುದರ ಬಗ್ಗೆ ನಾವು ನೋಡಿದಷ್ಟರಲ್ಲಿ ಒಂದು ಮಾತೂ ಇಲ್ಲ.

ಇದು ಅವರ ಅಲಕ್ಷ್ಯವಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಯಾವ ಮನೆಯ ಮಾಳಿಗೆ ಯಾವ ಮಳೆಗೆ ಸೋರಿತು, ಯಾರ ಬಾವಿಗೆ ಯಾವ ಬೇಸಿಗೆಯಲ್ಲಿ ನೀರು ಬತ್ತಿತು ಎಂಬುದು ಓಣಿಯ ಮಕ್ಕಳಿಗೂ ಗೊತ್ತು. ಮುಚ್ಚಿಡಬೇಕೆಂದರೂ ಮುಚ್ಚಿಡಲಾಗದು. ಆ ನಲವತ್ತು ಮಂದಿ ಸಾಕ್ಷಿಗಳೇ ನಲವತ್ತು ಮಂದಿ ಪರೀಕ್ಷಕರು. ಇಷ್ಟರ ಮೇಲೂ ಸಂಶಯವಿದ್ದರೆ ಮನೆತನಕ್ಕೆ ಬೇಕಾದ ಮೇಸ್ತ್ರಿಯನ್ನೋ ಬಡಗಿಯನ್ನೋ ಕರೆದೊಯ್ಯುತ್ತಿದ್ದರು. ಆತ ತೊಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ಟೊಳ್ಳೋ ಗಟ್ಟಿಯೋ ಹೇಳುತ್ತಿದ್ದ. ಅವನಿಗೆ ಸಲ್ಲುತ್ತಿದ್ದದ್ದು ಊಟ, ಎಲೆಯಡಿಕೆ, ಒಂದಿಷ್ಟು ದಕ್ಷಿಣೆ. ಅದನ್ನು ಕೊಡುತ್ತಿದ್ದವನು ಕೊಳ್ಳುವವನು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಊರು ಬಿಟ್ಟು ಮುಂಬಯಿಗೆ ಬಂದವರು ಕಳೆದುಕೊಂಡದ್ದು ಈ ನಲವತ್ತು ನೆರೆಯವರನ್ನು. ಚಾಳಿನಲ್ಲಿ ನೆರೆಯವರಿಗೇನೂ ಬರವಿರಲಿಲ್ಲ, ಆದರೆ ಅವರೂ ನಿನ್ನೆ ಮೊನ್ನೆ ಬಂದವರೇ. ಗೋಡೆಯ ಇತಿಹಾಸ ಯಾರಿಗೂ ತಿಳಿಯದು. ಅಲ್ಲದೆ ಬಂದವರೆಲ್ಲ ಬಾಡಿಗೆದಾರರು. ಖೋಲಿಯೊಂದು ಸಿಕ್ಕರೆ ಸಾಕೆನ್ನುವವನು ಪರೀಕ್ಷೆ ಮಾಡುತ್ತಾನೆಯೇ?

ಹೀಗಾಗಿ ಈ ನಗರದ ಬಡವರ ಮನೆಯೊಳಕ್ಕೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಕನು ಕಾಲಿಟ್ಟದ್ದು ಕೊಳ್ಳುವವನ ಕರೆಯ ಮೇಲೆ ಅಲ್ಲ, ಪ್ಲೇಗಿನ ಬೆನ್ನು ಹತ್ತಿ. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಹತ್ತಿರದ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಸ್ ಅವರು ಪ್ಲೇಗನ್ನು ಗುರುತಿಸಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಅಧಿಕಾರಿಗಳ ತಂಡಗಳು ಮನೆ ಮನೆ ಹೊಕ್ಕು ಶೋಧಿಸಿದವು. ಗೋಡೆಗಳಿಗೆ ಸುಣ್ಣ ಬಳಿಸಿದರು. ಕತ್ತಲ ಕೋಣೆಗಳಿಗೆ ಬೆಳಕು ಗಾಳಿ ಬರಲೆಂದು ಮಾಡಿನ ಹೆಂಚು ಕಿತ್ತರು. ಪ್ಲೇಗು ಕಂಡ ಮನೆಯ ಗೋಡೆಯ ಮೇಲೆ ವರ್ತುಲ ಬರೆದರು. ತೀರ ಕೆಟ್ಟ ಕಟ್ಟಡದ ಮೇಲೆ 'ಯು.ಎಚ್.ಎಚ್.' ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಬಿದ್ದವು. ಮನುಷ್ಯರ ವಾಸಕ್ಕೆ ಅಯೋಗ್ಯ ಎಂದು ಅದರ ಅರ್ಥ. ಒಳಗಿದ್ದವರಲ್ಲಿ ಬಹುಮಂದಿಗೆ ಆ ಅಕ್ಷರಗಳನ್ನು ಓದಲು ಬಾರದು.

ಈ ಪರೀಕ್ಷೆಯ ಹಿಂದಿನ ಭಯ ನಿಜವಾದದ್ದೇ. ಜನ ಸಾಲುಸಾಲಾಗಿ ಸಾಯುತ್ತಿದ್ದರು. ಆದರೂ ಮನೆಯೊಳಗೆ ಬಂದವನು ಮನೆಯವರಿಗಾಗಿ ಬಂದವನಲ್ಲ, ನಗರಕ್ಕಾಗಿ, ಬಂದರಿನ ವ್ಯಾಪಾರಕ್ಕಾಗಿ ಬಂದವನು ಎಂಬುದು ಜನರಿಗೆ ತಿಳಿಯದೆ ಹೋಗಲಿಲ್ಲ. ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕ ಬಗೆಗೆ ಜನ ಕೆರಳಿ, 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. 'ಮನೆ ನೋಡಲು ಬಂದಿದ್ದಾರೆ' ಎಂದರೆ ಇಂದಿಗೂ ನಮ್ಮವರು ಕೊಂಚ ಹೆದರುವುದಕ್ಕೆ ಆ ದಿನಗಳ ನೆನಪೂ ಒಂದು ಕಾರಣವಿದ್ದೀತು ಎಂದು ನಮ್ಮ ಊಹೆ.

ಪ್ಲೇಗಿನ ಫಲವಾಗಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕಿಕ್ಕಿರಿದ ಕೇರಿಗಳ ನಡುವೆ ರಸ್ತೆ ತೆಗೆಯಿತು, ಉತ್ತರದಲ್ಲಿ ದಾದರ-ಮಾಟುಂಗ ಭಾಗದಲ್ಲಿ ಅಚ್ಚುಕಟ್ಟಾದ ನಿವೇಶನಗಳನ್ನು ಮಾಡಿತು. ಮುಂದೆ ದಕ್ಷಿಣದವರು ಬಂದು ಬೀಡುಬಿಟ್ಟ ಮಾಟುಂಗದ ಅಗಲ ರಸ್ತೆ, ಮನೆ ಮನೆಯ ನಡುವಿನ ಗಾಳಿ, ಇವೆಲ್ಲ ಒಂದರ್ಥದಲ್ಲಿ ಪ್ಲೇಗಿನ ಕೊಡುಗೆ.

ಕಾನೂನು ಏನು ಹೇಳುತ್ತಿತ್ತು? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಇಂದಿಗೂ ಜಾರಿಯಲ್ಲಿದೆ. ಮಾರುವವನಿಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಆತನಿಗೆ ಕಾಣದಂಥ ಮುಖ್ಯ ದೋಷವೇನಾದರೂ ಸ್ವತ್ತಿನಲ್ಲಿದ್ದರೆ ಮಾರುವವನು ಅದನ್ನು ಹೇಳಲೇಬೇಕು. ಕೇಳಲು ಬಹಳ ನ್ಯಾಯವಾಗಿದೆ. ಆದರೆ 'ಸಾಮಾನ್ಯ ಎಚ್ಚರ' ಎಂಬ ಎರಡು ಪದಗಳಲ್ಲಿ ಸಮಸ್ಯೆಯೆಲ್ಲ ಅಡಗಿದೆ. ಕಪಾಟು ಸರಿಸಿ ನೋಡುವುದು ಸಾಮಾನ್ಯ ಎಚ್ಚರವೋ ಅಸಾಮಾನ್ಯವೋ? ನಾವು ಕೇಳಿದ ವಕೀಲರು ನಕ್ಕು, "ಸರಿಸಿದ್ದರೆ ನಿಮಗೇ ಒಳ್ಳೆಯದಿತ್ತು" ಎಂದರು.

ನಗರಪಾಲಿಕೆಯ ಕಣ್ಣೂ ಇತ್ತು. 1888ರ ಕಾಯಿದೆ ಕಟ್ಟಡದ ನಕ್ಷೆಗೆ ಮಂಜೂರಾತಿ, ಅಪಾಯದ ಕಟ್ಟಡಕ್ಕೆ ನೋಟೀಸು, ಎಲ್ಲವನ್ನೂ ಹೇಳಿತು. ಮುಂಬಯಿಯಲ್ಲಿ ಕಟ್ಟಡ ಕಟ್ಟಲು ಕೊಡುವ ಪತ್ರಕ್ಕೆ 'ಅಸಮ್ಮತಿಯ ಸೂಚನೆ', ಐ.ಓ.ಡಿ. ಎಂದು ಹೆಸರು ಬಂದದ್ದು ಒಂದು ತಮಾಷೆ. ಇಂತಿಂಥ ಷರತ್ತು ಪೂರೈಸುವ ತನಕ ಒಪ್ಪಿಗೆಯಿಲ್ಲ ಎಂದು ಹೇಳುವುದೇ ಇಲ್ಲಿ ಒಪ್ಪಿಗೆ! ಇರಲಿ. ಕಟ್ಟಡ ಮುಗಿದ ಮೇಲೆ ಸಿಗುವ ವಾಸಯೋಗ್ಯತಾ ಪತ್ರ, ಜನ ಓ.ಸಿ. ಎನ್ನುವುದು, ಅತಿ ಮುಖ್ಯವಾದದ್ದು. ಅದಿಲ್ಲದ ಮನೆ ಕೊಳ್ಳುವವರು ಧೈರ್ಯವಂತರು. ಆದರೆ ಅದು ಕಟ್ಟಡ ಹುಟ್ಟಿದ ದಿನದ ಜಾತಕ. ನಲವತ್ತು ಮಳೆಗಾಲ ಕಂಡ ಮೇಲೆ ಅದರ ಮೈ ಹೇಗಿದೆಯೆಂದು ಜಾತಕ ಹೇಳಲಾರದು.

ಈ ಇತಿಹಾಸದಲ್ಲಿ ನಮಗೆ ತುಂಬ ಮೆಚ್ಚುಗೆಯಾದ ಅಧ್ಯಾಯವೊಂದಿದೆ. ಅದರಲ್ಲಿ ಕರ್ನಾಟಕದ ನಂಟೂ ಇದೆ. ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಹೆಸರಾದದ್ದು 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸಂಘ. ಮುಂಬಯಿಯಲ್ಲಿ ಆ ಕೆಲಸಕ್ಕೆ ಕೈಹಾಕಿದವರು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. ಕೆನರಾ ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಸಾರಸ್ವತ ಸಮಾಜದವರು. 1915ರಲ್ಲಿ ಗಾಮದೇವಿಯಲ್ಲಿ ಅವರ ಮುಂದಾಳುತನದಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಏರ್ಪಟ್ಟಿತು. ತಾಡದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಆ ವ್ಯವಸ್ಥೆಯ ಸೊಗಸು ಏನೆಂದರೆ, ಕಟ್ಟಿಸುವವರೂ ವಾಸಿಸುವವರೂ ಒಬ್ಬರೇ. ನೆಲ, ಕಟ್ಟಡ ಸಂಘದ್ದು, ಸಂಘ ಸದಸ್ಯರದ್ದು. ಇಟ್ಟಿಗೆ ಬೇಯದಿದ್ದರೆ, ಸಿಮೆಂಟು ಕಡಿಮೆ ಬಿದ್ದರೆ, ಅದರ ಕೆಳಗೆ ಮಲಗುವವರು ತಾವೇ ಎಂಬ ಅರಿವಿನಿಂದ ನೋಡುವ ಕಣ್ಣು ಬೇರೆಯೇ. ಕೊಳ್ಳುವವನ ಕಣ್ಣು ಕಟ್ಟಡದ ಪಾಯದಿಂದ ಗಚ್ಚಿಯ ತನಕ ಜೊತೆಗಿದ್ದ ಕಾಲ ಅದು. ಆಮೇಲೆ ಬಂದ 'ಸೊಸಾಯಟಿ'ಗಳು ಹೆಸರಿಗೆ ಅದೇ ಕುಲದವು, ನಡತೆಯಲ್ಲಿ ಅಲ್ಲ. ಬಿಲ್ಡರನು ಕಟ್ಟಿ, ಮಾರಿ, ಹಣ ಎಣಿಸಿಕೊಂಡು ಹೋದ ಮೇಲೆ ಒಬ್ಬರನ್ನೊಬ್ಬರು ಅರಿಯದ ಇಪ್ಪತ್ತು ಮೂವತ್ತು ಮನೆಯವರು ಸೇರಿ ನೋಂದಾಯಿಸುವ ಸಂಘ ಅದು. ಕಟ್ಟುವಾಗ ಅವರಲ್ಲಿ ಯಾರೂ ಅಲ್ಲಿರಲಿಲ್ಲ.

ಇತ್ತ ಬಾಡಿಗೆಯ ಕಟ್ಟಡಗಳ ಕಥೆ ದುಃಖದ್ದು. 1947ರ ಬಾಡಿಗೆ ನಿಯಂತ್ರಣ ಕಾಯಿದೆ 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನೇ ಬುನಾದಿಯಾಗಿ ಹಿಡಿಯಿತು. ಬಡವರಿಗೆ ಅದು ಆಸರೆಯಾಯಿತೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಎಷ್ಟೋ ಕನ್ನಡ ಕುಟುಂಬಗಳು ನೆಲೆ ಕಂಡದ್ದು ಅದರಿಂದಲೇ. ಆದರೆ ಬರುವ ಬಾಡಿಗೆ ಸುಣ್ಣಕ್ಕೂ ಸಾಲದೆಂದು ಮಾಲೀಕರು ದುರಸ್ತಿಯನ್ನೇ ಬಿಟ್ಟರು. ಮರದ ಕಂಬ ತೊಲೆಗಳ ಹಳೆಯ ಕಟ್ಟಡಗಳು ಟೇಕು ಕೊಟ್ಟುಕೊಂಡು ನಿಂತವು, ಮಳೆಗಾಲದಲ್ಲಿ ಒಂದೊಂದಾಗಿ ಉರುಳಿದವು. 1969ರಲ್ಲಿ ಸರಕಾರ ಕಟ್ಟಡ ದುರಸ್ತಿ ಮಂಡಳಿಯ ಕಾಯಿದೆ ತಂದು, ದ್ವೀಪನಗರದ 19,642 ಹಳೆಯ ಕಟ್ಟಡಗಳ ಮೇಲೆ ಕರ ಹಾಕಿ, ಅವುಗಳ ದುರಸ್ತಿಯ ಹೊಣೆ ಹೊತ್ತಿತು. ಈಗ ಮ್ಹಾಡಾದ ಅಂಗವಾಗಿರುವ ಆ ಮಂಡಳಿ ಪ್ರತಿ ಮಳೆಗಾಲದ ಮುಂಚೆ ಪರೀಕ್ಷೆ ನಡೆಸಿ, ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಪ್ರಕಟಿಸುತ್ತದೆ. ಪಗಡಿಯ ಮನೆ ಹಿಡಿಯುವವರು ಈ ಪಟ್ಟಿಯನ್ನು ನೋಡದೆ ಮುಂದುವರಿಯಬಾರದು. ಆದರೆ ಈ ಪರೀಕ್ಷೆಯೂ ಈ ವರ್ಷ ಬೀಳುವುದೇ ಬೀಳದೇ ಎಂಬ ಒಂದೇ ಪ್ರಶ್ನೆಗೆ ಉತ್ತರ. ಕೊಳ್ಳುವವನಿಗೆ ಬೇಕಾದ ಉತ್ತರಗಳು ಹತ್ತಾರು.

1960ರ ನಂತರ ಉಪನಗರಗಳಲ್ಲಿ 'ಓನರ್‌ಶಿಪ್' ಮನೆಗಳ ಯುಗ. 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯಿದೆ, ಬಿಲ್ಡರನು ಹಕ್ಕುಪತ್ರ, ನಕ್ಷೆ, ಬಳಸುವ ಸಾಮಗ್ರಿಯ ವಿವರ ಎಲ್ಲವನ್ನೂ ತೋರಿಸಬೇಕೆಂದು ವಿಧಿಸಿತು. 1977ರಲ್ಲಿ ಎಚ್.ಡಿ.ಎಫ್.ಸಿ. ಆರಂಭವಾಗಿ, ನೌಕರಿಯವನಿಗೆ ಮನೆಸಾಲ ಎಂಬ ಹೊಸ ಬಾಗಿಲು ತೆರೆಯಿತು. ಅದರ ಜೊತೆಗೇ ಮನೆಯೊಳಕ್ಕೆ ಬಂದವರು ಸಾಲದ ಸಂಸ್ಥೆಗಳ ಮೌಲ್ಯಮಾಪಕರು. ಬ್ಯಾಂಕಿನವರು ಬಂದು ನೋಡಿ ಸಾಲ ಮಂಜೂರು ಮಾಡಿದ್ದಾರೆ, ಅಂದ ಮೇಲೆ ಮನೆ ಗಟ್ಟಿಯೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಆಗ. ನಮ್ಮ ಬಳೆ ಹೋದದ್ದೂ ಈ ನಂಬಿಕೆಯಿಂದಲೇ.

ಇದೇ ನಂಬಿಕೆ ಇಂಗ್ಲೆಂಡಿನಲ್ಲಿಯೂ ಇತ್ತು, ಅಲ್ಲಿ ಅದು ನ್ಯಾಯಾಲಯಕ್ಕೆ ಹೋಯಿತು. ಆ ಪ್ರಕರಣ ಹೇಳದಿದ್ದರೆ ಈ ಲೇಖನ ಅಪೂರ್ಣ. 1980ರಲ್ಲಿ ನಾರ್ವಿಚ್ ಪಟ್ಟಣದ ಒಬ್ಬ ಸಾಮಾನ್ಯ ಮಹಿಳೆ ಸಾಲ ಮಾಡಿ ಚಿಕ್ಕ ಮನೆಯೊಂದನ್ನು ಕೊಂಡರು. ಸಾಲ ಕೊಟ್ಟ ಸಂಸ್ಥೆ ಸರ್ವೇಯರರನ್ನು ಕಳಿಸಿತು, ಆದರೆ ಶುಲ್ಕ ತೆತ್ತವರು ಆ ಮಹಿಳೆ. ದೊಡ್ಡ ದುರಸ್ತಿಯೇನೂ ಬೇಕಿಲ್ಲವೆಂದು ವರದಿ ಬಂತು. ಹಿಂದಿನ ಯಾರೋ ಕೋಣೆಯಲ್ಲಿ ಜಾಗ ಮಾಡಲು ಒಲೆಗೂಡಿನ ಗೋಡೆಯನ್ನು ಕೆಡವಿದ್ದರು. ಅದರ ಮೇಲಿದ್ದ ಚಿಮಣಿ ಅಟ್ಟದಲ್ಲಿ ಆಧಾರವಿಲ್ಲದೆ ನಿಂತಿತ್ತು. ಸರ್ವೇಯರರು ಅಟ್ಟ ಹತ್ತಿ ನೋಡಿರಲಿಲ್ಲ. ಒಂದೂವರೆ ವರ್ಷದ ಮೇಲೆ ಇಟ್ಟಿಗೆಗಳು ಛಾವಣಿ ಒಡೆದುಕೊಂಡು ಮಲಗುವ ಕೋಣೆಗೆ ಬಿದ್ದವು. ವರದಿಗೆ ತಾವು ಹೊಣೆಯಲ್ಲವೆಂದು ಸಣ್ಣ ಅಕ್ಷರಗಳಲ್ಲಿ ಬರೆದುಕೊಂಡಿದ್ದರೂ, 1989ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸರ್ವೇಯರರನ್ನೇ ಹೊಣೆ ಮಾಡಿತು. ಇಂಥ ಚಿಕ್ಕ ಮನೆ ಕೊಳ್ಳುವವರು ಬೇರೆ ಪರೀಕ್ಷೆ ಮಾಡಿಸದೆ ಆ ವರದಿಯನ್ನೇ ನೆಚ್ಚುತ್ತಾರೆಂಬುದು ಸರ್ವೇಯರರಿಗೆ ತಿಳಿದೇ ಇರುತ್ತದೆ ಎಂಬುದು ತೀರ್ಪಿನ ತಿರುಳು. ಅಮೆರಿಕದಲ್ಲಿಯಂತೂ ಕೊಳ್ಳುವವನಿಂದಲೇ ಶುಲ್ಕ ಪಡೆದು ಮನೆ ಪರೀಕ್ಷಿಸುವುದು ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದು, 1976ರಲ್ಲಿ ಅಂಥ ಪರೀಕ್ಷಕರ ರಾಷ್ಟ್ರೀಯ ಸಂಘವೇ ಏರ್ಪಟ್ಟಿತು. ಅಂದರೆ ನಮ್ಮ ಊರಿನ ಮೇಸ್ತ್ರಿ ಅಲ್ಲಿ ಟೈ ಕಟ್ಟಿಕೊಂಡು ಮರಳಿ ಬಂದ.

ನಮ್ಮ ಮುಂಬಯಿಯ ಮನೆಗಳ ರೋಗ ಚಿಮಣಿಯದಲ್ಲ, ಕಾಂಕ್ರೀಟಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಂಕ್ರೀಟಿನೊಳಗಿನ ಕ್ಷಾರಗುಣ ಉಕ್ಕಿನ ಸರಳನ್ನು ತುಕ್ಕಿನಿಂದ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲಾಮ್ಲ ಒಳಗಿಳಿದು ಆ ಗುಣವನ್ನು ಕುಂದಿಸುತ್ತದೆ. ಸಮುದ್ರದ ಉಪ್ಪು ಸೇರಿದರೆ ಇನ್ನೂ ಬೇಗ. ಸರಳು ತುಕ್ಕು ಹಿಡಿದಾಗ ಸವೆಯುವುದಷ್ಟೇ ಅಲ್ಲ, ತುಕ್ಕು ಮೂಲ ಉಕ್ಕಿಗಿಂತ ಕೆಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಹೀಗೆ ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ತೊಲೆ ಕಂಬಗಳಲ್ಲಿ ಸರಳಿನ ಗುಂಟ ನೇರವಾಗಿ ಓಡುವ ಬಿರುಕು, ಕಂದು ಕಲೆ, ತಟ್ಟಿದರೆ ಟೊಳ್ಳು ಸದ್ದು, ಇವೇ ಲಕ್ಷಣಗಳು. ನಮ್ಮ ಉಪನಗರದ ಎಷ್ಟೋ ಕಟ್ಟಡಗಳು ಎದ್ದ ಕಾಲದಲ್ಲಿ ನಿಯಮವೂ ಸಡಿಲವಿತ್ತು. 2000ನೆಯ ಇಸವಿಯ ಪರಿಷ್ಕರಣದಲ್ಲಿ ಮಾತ್ರ ಭಾರತೀಯ ಮಾನಕವು ಸರಳು ಹಾಕಿದ ಕಾಂಕ್ರೀಟಿನ ಕನಿಷ್ಠ ದರ್ಜೆಯನ್ನು ಎಂ-15ರಿಂದ ಎಂ-20ಕ್ಕೆ ಏರಿಸಿತು.

ಇದನ್ನು ಅಳೆಯುವ ಸಲಕರಣೆಗಳಿವೆ. ಸ್ವಿಸ್ ಇಂಜಿನಿಯರ್ ಶ್ಮಿಡ್ಟ್ ಕಂಡುಹಿಡಿದ ಸುತ್ತಿಗೆಯನ್ನು ಕಾಂಕ್ರೀಟಿನ ಮೇಲೆ ಒತ್ತಿದರೆ ಅದು ಎಷ್ಟು ಪುಟಿಯುತ್ತದೆಂಬುದರಿಂದ ಮೇಲ್ಮೈಯ ಗಟ್ಟಿತನ ತಿಳಿಯುತ್ತದೆ. ಶ್ರವಣಾತೀತ ಧ್ವನಿಯನ್ನು ಒಂದು ಬದಿಯಿಂದ ಕಳಿಸಿ ಇನ್ನೊಂದು ಬದಿಯಲ್ಲಿ ಹಿಡಿದರೆ ಒಳಗಿನ ಪೊಳ್ಳು, ಬಿರುಕು ಗೊತ್ತಾಗುತ್ತದೆ. ಎರಡಕ್ಕೂ 1992ರಲ್ಲಿ ಭಾರತೀಯ ಮಾನಕ ಪ್ರಕಟವಾಯಿತು. ತೊಲೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ ಬಡಗಿ ಇದನ್ನು ನೋಡಿದ್ದರೆ ಮೀಸೆಯಡಿಯಲ್ಲಿ ನಗುತ್ತಿದ್ದನೇನೋ.

2009ರಲ್ಲಿ ಮುಂಬಯಿ ನಗರಪಾಲಿಕೆಯ ಕಾಯಿದೆಗೆ 353-ಬಿ ಕಲಮು ಸೇರಿ, ಮೂವತ್ತು ವರ್ಷ ದಾಟಿದ ಕಟ್ಟಡಗಳನ್ನು ನೋಂದಾಯಿತ ಸ್ಟ್ರಕ್ಚರಲ್ ಇಂಜಿನಿಯರರಿಂದ ಪರೀಕ್ಷಿಸಿ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯವಾಯಿತು. ಕಟ್ಟಡಗಳನ್ನು ವಿಂಗಡಿಸುವ ಕ್ರಮವೂ ಬಂತು. ಸಿ-1 ಎಂದರೆ ಕೂಡಲೇ ಖಾಲಿ ಮಾಡಿ ಕೆಡವತಕ್ಕದ್ದು. ಸಿ-2ಎ ಭಾಗಶಃ ಖಾಲಿ ಮಾಡಿ ದೊಡ್ಡ ದುರಸ್ತಿ ಬೇಕಾದದ್ದು, ಸಿ-2ಬಿ ಖಾಲಿ ಮಾಡದೆ ದುರಸ್ತಿ ಮಾಡಬಹುದಾದದ್ದು, ಸಿ-3 ಸಣ್ಣಪುಟ್ಟ ರಿಪೇರಿಯದು.

ಕಾಯಿದೆ ಬಂದ ಮಾತ್ರಕ್ಕೆ ಕಣ್ಣು ಬರುವುದಿಲ್ಲ. 2013ರ ಸೆಪ್ಟೆಂಬರ್ 27ರ ಬೆಳಗ್ಗೆ ಮಜಗಾಂವದ ಡಾಕ್‌ಯಾರ್ಡ್ ರಸ್ತೆಯಲ್ಲಿ ಕಟ್ಟಡವೊಂದು ಕುಸಿದು 61 ಜನ ಸತ್ತರು. ಅದು ನಗರಪಾಲಿಕೆಯದೇ ಕಟ್ಟಡ, ಅಲ್ಲಿ ವಾಸವಿದ್ದವರು ನಗರಪಾಲಿಕೆಯದೇ ನೌಕರರ ಕುಟುಂಬಗಳು. ಊರಿಗೆಲ್ಲ ನೋಟೀಸು ಕೊಡುವವರ ಮನೆ! 2017ರ ಜುಲೈ 25ರಂದು ಘಾಟ್ಕೋಪರದಲ್ಲಿ ಬಿದ್ದ ಕಟ್ಟಡದಲ್ಲಿ 17 ಮಂದಿ ಹೋದರು. ನೆಲಮಹಡಿಯಲ್ಲಿ ನಡೆದಿದ್ದ ಮಾರ್ಪಾಟಿನಲ್ಲಿ ಆಧಾರದ ಕಂಬಗಳಿಗೆ ಕೈಹಾಕಿದ್ದರೆಂಬ ಆರೋಪದ ಮೇಲೆ ಮೊಕದ್ದಮೆ ಆಯಿತು. ಮೂರನೆಯ ಮಹಡಿಯ ಮನೆ ಕೊಳ್ಳುವವನು ತನ್ನ ಮನೆಯ ಟೈಲ್ಸು ನೋಡಿದರೆ ಏನು ಪ್ರಯೋಜನ? ಅವನ ಮನೆಯ ಕಾಲುಗಳು ಬೇರೊಬ್ಬರ ಅಂಗಡಿಯಲ್ಲಿರುತ್ತವೆ.

ಇನ್ನೊಂದು ವಿಚಿತ್ರ. ಕಟ್ಟಡ ಸಿ-1 ಎಂದಾದರೆ ಕೆಡವಿ ಹೊಸದು ಕಟ್ಟಲು ಮಾಲೀಕನಿಗೆ ದಾರಿ ಸುಗಮ, ಬಾಡಿಗೆದಾರನಿಗೆ ಮನೆ ಬಿಡುವ ಭಯ. ಹೀಗಾಗಿ ಒಂದೇ ಕಟ್ಟಡಕ್ಕೆ ಮಾಲೀಕರು ತಂದ ವರದಿ ಬೀಳುತ್ತದೆ ಎನ್ನುತ್ತದೆ, ಬಾಡಿಗೆದಾರರು ತಂದ ವರದಿ ನಿಲ್ಲುತ್ತದೆ ಎನ್ನುತ್ತದೆ. ಎರಡಕ್ಕೂ ಅರ್ಹ ಇಂಜಿನಿಯರರ ಸಹಿ. ಇಂಥ ವ್ಯಾಜ್ಯ ಬಗೆಹರಿಸಲು ನಗರಪಾಲಿಕೆಯಲ್ಲಿ ತಾಂತ್ರಿಕ ಸಲಹಾ ಸಮಿತಿಯನ್ನೇ ಇಡಬೇಕಾಗಿ ಬಂತು. ಊಟ ದಕ್ಷಿಣೆ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ನೆನಪಿನಲ್ಲಿಡಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಸುತ್ತಿಗೆ ಸುಳ್ಳು ಹೇಳುವುದಿಲ್ಲ, ಆದರೆ ಯಾವ ಕಂಬದ ಮೇಲೆ ಇಡಬೇಕೆಂಬುದನ್ನು ಸುತ್ತಿಗೆ ತೀರ್ಮಾನಿಸುವುದಿಲ್ಲ.

ಹೊಸ ಮನೆ ಕೊಳ್ಳುವವರಿಗೆ 2016ರ ರೇರಾ ಕಾಯಿದೆ ದೊಡ್ಡ ಬಲ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣದಲ್ಲಿ ದೋಷ ಕಂಡರೆ, ತಿಳಿಸಿದ ಮೂವತ್ತು ದಿನಗಳಲ್ಲಿ ಬಿಲ್ಡರನು ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ಹಳೆಯ ಮನೆಯನ್ನು ಮನೆಯವರಿಂದಲೇ ಕೊಳ್ಳುವವರಿಗೆ ಈ ಆಸರೆಯಿಲ್ಲ. ನಮ್ಮ ಸಂಘದ ಬಹುಮಂದಿ ಕೊಳ್ಳುವುದು ಹಳೆಯ ಮನೆಗಳನ್ನೇ. ನಿವೃತ್ತಿಯ ಹೊತ್ತಿಗೆ ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಮನೆ ಕೊಳ್ಳುವವರ ಪಾಡೂ ಇದೇ. ತಂಗಿಯ ಮಗ ನೋಡಿ ಚೆನ್ನಾಗಿದೆ ಎಂದನಂತೆ, ಇವರು ಇಲ್ಲಿಂದ ಹಣ ಕಳಿಸಿದರಂತೆ. ಊರಿನಲ್ಲಿಯೂ ಈಗ ಓಣಿಯವರೆಲ್ಲ ಹೊಸಬರೇ.

ಕಳೆದ ವರ್ಷ ನಮ್ಮ ಸ್ನೇಹಿತರ ಮಗ ಠಾಣೆಯಲ್ಲಿ ಮನೆ ನೋಡತೊಡಗಿದಾಗ ನಮ್ಮ ಸಲಹೆ ಕೇಳಿದ. ಹೇಳಿದ್ದಿಷ್ಟು. ಸಂಚಕಾರ, ಈಗಿನವರ ಮಾತಿನಲ್ಲಿ ಟೋಕನ್, ಕೊಡುವ ಮುಂಚೆಯೇ ಇಂಜಿನಿಯರನ್ನು ಕರೆದೊಯ್ಯಿ. ಆಮೇಲೆ ಕರೆದೊಯ್ದರೆ ಅವರು ಹೇಳುವುದನ್ನು ಕೇಳಲು ನಿನಗೇ ಮನಸ್ಸಿರುವುದಿಲ್ಲ. ಎಜೆಂಟನು ಹೇಳಿದವರು ಬೇಡ, ರಿಪೇರಿಯ ಕಂತ್ರಾಟೂ ಹಿಡಿಯುವವರು ಬೇಡ. ಶುಲ್ಕ ನಿನ್ನ ಕೈಯಿಂದಲೇ ಹೋಗಲಿ, ವರದಿ ನಿನ್ನ ಹೆಸರಿಗೇ ಬರಲಿ, ಅದರಲ್ಲಿ ಅವರ ನೋಂದಣಿ ಸಂಖ್ಯೆಯೂ ಸಹಿಯೂ ಇರಲಿ. ಅವರು ಮನೆಗಿಂತ ಮುಂಚೆ ನೆಲಮಹಡಿಯ ಕಂಬಗಳನ್ನೂ, ಗಚ್ಚಿಯ ಮೇಲಿನ ನೀರಿನ ಟಾಂಕಿಯನ್ನೂ, ಸಾಧ್ಯವಾದರೆ ಕೆಳಮನೆಯವರ ಅನುಮತಿ ಪಡೆದು ನಿನ್ನ ಬಚ್ಚಲಿನ ಅಡಿಭಾಗವನ್ನೂ ನೋಡಲಿ. ಪಿ.ಓ.ಪಿ. ಛಾವಣಿಯಿದ್ದರೆ ದೀಪದ ತೂತಿನಿಂದಲಾದರೂ ಒಳಗೆ ಬೆಳಕು ಬಿಟ್ಟು ನೋಡಲಿ. ಸೊಸಾಯಟಿಯ ಕಾರ್ಯದರ್ಶಿಯ ಹತ್ತಿರ ಆಡಿಟ್ ವರದಿಯನ್ನೂ, ಐದು ವರ್ಷದ ಸಭೆಗಳ ನಡಾವಳಿಯನ್ನೂ ಕೇಳು. 'ಸೋರಿಕೆ' ಎಂಬ ಪದ ಎಷ್ಟು ಸಲ ಬಂದಿದೆ ಎಂದು ಎಣಿಸು. ಮೇಲಿನ ಮಹಡಿಯ ಅಜ್ಜಿಯನ್ನು ಮಾತಾಡಿಸು, ಆಕೆಗೆ ಎಲ್ಲ ಗೊತ್ತಿರುತ್ತದೆ. ನಲವತ್ತು ಮಂದಿ ನೆರೆಯವರಲ್ಲಿ ಉಳಿದಿರುವವರು ಆಕೆಯೊಬ್ಬಳು.

ಹುಡುಗ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡ. ಮೊದಲು ನೋಡಿದ ಮನೆಯನ್ನು ಇಂಜಿನಿಯರರು ಬೇಡವೆಂದರು. ಬಣ್ಣ ಹೊಸದಿತ್ತು, ಸ್ಟೇಷನ್ನಿಗೆ ಏಳು ನಿಮಿಷದ ದಾರಿ. ಅವನ ಹೆಂಡತಿಗೆ ಎರಡು ದಿನ ಬೇಸರವಾಗಿತ್ತು. ಈಗ ಇನ್ನೊಂದು ಮನೆ ಗೊತ್ತಾಗಿದೆ. ಮೇ ತಿಂಗಳಲ್ಲಿಯೇ ಮುಗಿಸೋಣವೆಂದು ಮಾರುವವರು ಅವಸರ ಮಾಡುತ್ತಿದ್ದಾರೆ. ಜುಲೈ ಎರಡನೆಯ ಭಾನುವಾರ ಬರುತ್ತೇವೆಂದು ಹುಡುಗ ಹೇಳಿ ಕಳಿಸಿದ್ದಾನೆ. ನಮ್ಮನ್ನೂ ಕರೆದಿದ್ದಾನೆ, ಛತ್ರಿ ತರಬೇಕಂತೆ.